ಲಿಫ್ಟ್ ಕಿಟ್: ಇಂಚಿನ ಲೆಕ್ಕ ಕಡೆಗಿರಲಿ

ಆಫ್‌ರೋಡ್ ಗಾಡಿಯನ್ನು ಎತ್ತರಿಸಲು ಹಾಕುವ ಸ್ಪ್ರಿಂಗ್, ಶಾಕ್ ಮುಂತಾದ ಭಾಗಗಳ ಕಟ್ಟು ಲಿಫ್ಟ್ ಕಿಟ್. ಅದನ್ನು ಹಾಕಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು ‘ಎಷ್ಟು ಇಂಚು?’ ಎರಡಾ, ಮೂರಾ, ನಾಲ್ಕಾ? ಉತ್ತರ ಬೇಕು ನಿಜ. ಆದರೆ ಅದು ಎಲ್ಲಕ್ಕಿಂತ ಕಡೆಗೆ ಸಿಗಬೇಕಾದ ಉತ್ತರ. ಯಾವ ಟೈರ್ ಹಾಕುತ್ತೀರಿ, ಗಾಡಿ ದಿನವೂ ಎಷ್ಟು ಭಾರ ಹೊರುತ್ತದೆ, ಮುಂದಿನ ಸಸ್ಪೆನ್ಷನ್ ಯಾವ ಬಗೆಯದು, ಈ ಮೂರು ಇತ್ಯರ್ಥವಾದರೆ ಇಂಚು ತಾನಾಗಿ ಬಂದು ಕೂರುತ್ತದೆ. ಇಂಚನ್ನು ಮೊದಲು ಹಿಡಿದುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೋದರೆ ಆ ಹೊಂದಿಸುವ ಕೆಲಸ ಮುಗಿಯುವುದೇ ಇಲ್ಲ. ಇವತ್ತು ಸಿವಿ ಬೂಟ್ (ಚಕ್ರ ತಿರುಗಿಸುವ ಶಾಫ್ಟ್‌ನ ಜಾಯಿಂಟ್‌ಗೆ ಹೊದಿಸಿದ ರಬ್ಬರ್ ಚೀಲ), ನಾಳೆ ಬಾಲ್ ಜಾಯಿಂಟ್ (ಚಕ್ರವನ್ನು ಹಿಡಿದಿರುವ ಗುಂಡು ಕೀಲು), ಆಮೇಲೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡ).

ಲಿಫ್ಟ್ ಏನನ್ನು ಎತ್ತುತ್ತದೆ, ಏನನ್ನು ಎತ್ತುವುದಿಲ್ಲ ಎಂಬುದು ಮೊದಲು ಸ್ಪಷ್ಟವಾಗಲಿ. ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ತೊಲೆ) ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರವಿರುವುದು ಡಿಫರೆನ್ಷಿಯಲ್ ಹೌಸಿಂಗ್, ಅಂದರೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಉಬ್ಬಿದ ಪೆಟ್ಟಿಗೆ. ಸ್ಪ್ರಿಂಗ್ ಕೂರುವುದು ಆ ಆಕ್ಸಲ್ ಮೇಲೆ. ಹಾಗಾಗಿ ನಾಲ್ಕು ಇಂಚು ಎತ್ತರದ ಸ್ಪ್ರಿಂಗ್ ಹಾಕಿದರೂ ಹೌಸಿಂಗ್ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಏಳುವುದು ಚಾಸಿ ಮತ್ತು ಬಾಡಿ ಮಾತ್ರ. ಚಕ್ರದ ಬಳಿ ಗೇರು ಇಟ್ಟು ಆಕ್ಸಲನ್ನೇ ಮೇಲಕ್ಕೇರಿಸುವ ಪೋರ್ಟಲ್ ಆಕ್ಸಲ್‌ನಂಥ ದುಬಾರಿ ಉಪಾಯ ಬಿಟ್ಟರೆ ಹೌಸಿಂಗನ್ನು ಎತ್ತುವುದು ದೊಡ್ಡ ಟೈರ್ ಒಂದೇ, ಅದೂ ಅರ್ಧ ಪಾಲು. 265/70 ಆರ್17 ಟೈರ್‌ನ ವ್ಯಾಸ ಸುಮಾರು 803 ಮಿ.ಮೀ., 285/70 ಆರ್17ರದ್ದು 831. ವ್ಯತ್ಯಾಸ 28 ಮಿ.ಮೀ., ಹೌಸಿಂಗ್ ಏರುವುದು 14 ಮಿ.ಮೀ. ಬಂಡೆಯ ಮೇಲೆ ಹೌಸಿಂಗ್ ತಾಗುತ್ತಿದೆ ಎಂದು ಬೇಸತ್ತು ಬರೀ ಸ್ಪ್ರಿಂಗ್ ಬದಲಿಸಿದವರಿಗೆ ಮತ್ತೆ ಅದೇ ಬಂಡೆ, ಅದೇ ಜಾಗದಲ್ಲಿ ತಾಗುತ್ತದೆ.

ಹಾಗಾದರೆ ಲಿಫ್ಟ್ ಕೊಡುವುದೇನು? ಮುಖ್ಯವಾಗಿ ಕೋನಗಳು. ಗುಡ್ಡ ಹತ್ತುವಾಗ ಮುಂದಿನ ಬಂಪರ್, ಇಳಿಯುವಾಗ ಹಿಂದಿನ ಬಂಪರ್, ದಿಬ್ಬ ದಾಟುವಾಗ ಹೊಟ್ಟೆ ತಾಗದಿರುವುದು. ಹೊಟ್ಟೆಯ ಕೋನವನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2850 ಮಿ.ಮೀ., ನಡುವಿನ ಹೊಟ್ಟೆ ನೆಲದಿಂದ 220 ಮಿ.ಮೀ. ಇದ್ದರೆ ಸುಮಾರು 17.5 ಡಿಗ್ರಿ. 50 ಮಿ.ಮೀ. ಲಿಫ್ಟ್, ಮೇಲೆ ಹೇಳಿದ ಟೈರ್‌ನ 14 ಮಿ.ಮೀ. ಸೇರಿಸಿದರೆ 22.5 ಡಿಗ್ರಿ. ಐದು ಡಿಗ್ರಿ ಎಂದರೆ ಕಡಿಮೆಯಲ್ಲ. ರಾಕ್ ಸ್ಲೈಡರ್ (ಬಾಗಿಲ ಕೆಳಗೆ ರಕ್ಷಣೆಗೆ ಹಾಕುವ ಕೊಳವೆ) ಕೆರೆದುಕೊಂಡು ಹೋಗುವ ದಿಬ್ಬಕ್ಕೂ ಸಲೀಸಾಗಿ ದಾಟುವ ದಿಬ್ಬಕ್ಕೂ ಇರುವ ಅಂತರ ಅಷ್ಟೇ.

ಟೈರ್‌ಗೆ ಜಾಗ ಮಾಡಿಕೊಡಲು ಲಿಫ್ಟ್ ಎನ್ನುವವರೇ ಹೆಚ್ಚು. ಇದು ಅರ್ಧ ನಿಜ. ಗಾಡಿ ನಿಂತಿರುವಾಗ ಟೈರ್‌ಗೂ ಫೆಂಡರ್‌ಗೂ ನಡುವೆ ಜಾಗ ಕಾಣುತ್ತದೆ. ಆದರೆ ದೊಡ್ಡ ಗುಂಡಿಯಲ್ಲಿ ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಚಕ್ರ ಎಷ್ಟು ಮೇಲೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಬಂಪ್ ಸ್ಟಾಪ್ (ಚಕ್ರದ ಏರಿಕೆಯನ್ನು ತಡೆದು ನಿಲ್ಲಿಸುವ ರಬ್ಬರ್ ತುಂಡು), ಲಿಫ್ಟ್ ಅಲ್ಲ. ಬಂಪ್ ಸ್ಟಾಪ್ ಹಳೆಯದೇ ಇದ್ದರೆ ಚಕ್ರ ಮೊದಲಿನಷ್ಟೇ ಮೇಲೆ ಹೋಗುತ್ತದೆ, ಟೈರ್ ಮಾತ್ರ ಈಗ ದೊಡ್ಡದು. ಆಗ ಫೆಂಡರ್ ಲೈನರ್ ಹರಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಚಾಸಿಗೋ ಚಕ್ರದ ಮೇಲಿನ ಕಮಾನಿನ ಹಿಂಭಾಗಕ್ಕೋ ಉಜ್ಜಿದರೆ ಅದು ರಿಮ್ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಮತ್ತು ಕ್ಯಾಸ್ಟರ್‌ಗೆ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸಂಬಂಧಿಸಿದ್ದು. ಇನ್ನೆರಡು ಇಂಚು ಎತ್ತಿದರೂ ಅದು ಹೋಗುವುದಿಲ್ಲ. ಒಂದು ಗಾತ್ರ ದೊಡ್ಡ ಟೈರ್ ಹಾಕುವವರಿಗೆ 40ರಿಂದ 50 ಮಿ.ಮೀ. ಲಿಫ್ಟ್, ಅಗತ್ಯವಿದ್ದಷ್ಟು ಬಂಪ್ ಸ್ಟಾಪ್, ಸರಿಯಾದ ಆಫ್‌ಸೆಟ್ ಇದ್ದರೆ ಬಹುಪಾಲು ಗಾಡಿಗಳಲ್ಲಿ ಸಾಕು. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ ಮೊದಲಿಗಿಂತ 3.5 ಕಿ.ಮೀ. ಜಾಸ್ತಿ ಇರುತ್ತದೆ, ಗೇರ್ ಅನುಪಾತವೂ ಅಷ್ಟೇ ಪಾಲು ಸಡಿಲವಾಗುತ್ತದೆ ಎಂಬುದು ನೆನಪಿರಲಿ.

ಈಗ ಭಾರ. ಕಿಟ್ ಆಯ್ಕೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ, ಅದಕ್ಕೇ ಇಲ್ಲಿ ನಿಧಾನವಾಗಿ ನೋಡಬೇಕು.

ಸ್ಪ್ರಿಂಗ್ ಕೊಳ್ಳುವ ಮುಂಚೆ ಗಾಡಿಯನ್ನು ತೂಕದ ಸೇತುವೆಗೆ ಒಯ್ಯಿರಿ. ಒಟ್ಟು ತೂಕವೊಂದೇ ಸಾಲದು, ಮುಂದಿನ ಆಕ್ಸಲ್ ಮತ್ತು ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ. ಗಾಡಿಯ ಮೇಲೆ ಯಾವಾಗಲೂ ಇರುವ ಸಾಮಾನು ಇರಲಿ, ಆಗಾಗ ಹಾಕಿ ತೆಗೆಯುವುದು ಬೇಡ. ಸ್ಪ್ರಿಂಗ್ ಆರಿಸಬೇಕಾದದ್ದು ಯಾವಾಗಲೂ ಇರುವ ಭಾರಕ್ಕೆ. ವರ್ಷಕ್ಕೆರಡು ಸಲದ ಪ್ರವಾಸದ ಭಾರಕ್ಕೆ ಸ್ಪ್ರಿಂಗ್ ಹಾಕಿದರೆ ಉಳಿದ ದಿನವೆಲ್ಲ ಗಾಡಿ ಕಲ್ಲುಬಂಡೆಯಂತೆ ಗಡುಸಾಗಿ, ಜಲ್ಲಿ ರಸ್ತೆಯಲ್ಲಿ ಹಿಂದಿನ ಚಕ್ರ ನೆಲ ಕಚ್ಚದೆ ಕುಣಿಯುತ್ತದೆ.

ಮೂತಿಯ ರಕ್ಷಣೆಗೆ ಮುಂದೆ ಹಾಕುವ ಉಕ್ಕಿನ ಚೌಕಟ್ಟು, ಬುಲ್ ಬಾರ್, 60 ಕೆ.ಜಿ. ಇದೆ ಎಂದುಕೊಳ್ಳಿ. ಅದು ಮುಂದಿನ ಆಕ್ಸಲ್‌ಗಿಂತ 800 ಮಿ.ಮೀ. ಆಚೆ ತೂಗುತ್ತದೆ. ಮೇಲೆ ಹೇಳಿದ ವೀಲ್‌ಬೇಸ್‌ಗೆ ಸನ್ನೆಗೋಲಿನ ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ ಮೇಲೆ ಬೀಳುವುದು 60 ಅಲ್ಲ, ಸುಮಾರು 77 ಕೆ.ಜಿ.; ಹಿಂದಿನ ಆಕ್ಸಲ್ 17 ಕೆ.ಜಿ. ಹಗುರವಾಗುತ್ತದೆ. ಇದಕ್ಕೆ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಸೇರಿಸಿದರೆ ಮುಂದೆ ನೂರು ದಾಟುತ್ತದೆ. ವಿಂಚ್‌ಗೆ ಉಕ್ಕಿನ ರೋಪ್ ಬದಲು ಸಿಂಥೆಟಿಕ್ ರೋಪ್ ಹಾಕಿದರೆ ಮೂತಿಯ ತುದಿಯಲ್ಲೇ ಹಲವು ಕೆ.ಜಿ. ಉಳಿಯುತ್ತದೆ. ಹಿಂದಿನ ಬಾಗಿಲಿಗೆ ಹೊರಗೆ ತೂಗುಹಾಕಿದ ಎರಡು ಸ್ಟೆಪ್ನಿಗಳೂ ಹೀಗೇ, ತಮ್ಮ ತೂಕಕ್ಕಿಂತ ಹೆಚ್ಚು ಒತ್ತುತ್ತವೆ.

ಈ ನೂರು ಕೆ.ಜಿ. ಎಂದರೆ ಒಂದೊಂದು ಚಕ್ರಕ್ಕೆ 50 ಕೆ.ಜಿ., ಅಂದರೆ 490 ನ್ಯೂಟನ್. ಪ್ರತಿ ಚಕ್ರವೂ ತನ್ನಷ್ಟಕ್ಕೆ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಚಕ್ರದ ಹತ್ತಿರ ಇರುವುದಿಲ್ಲ, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್‌ನ ನಡುವೆ ಎಲ್ಲೋ ಇರುತ್ತದೆ. ಚಕ್ರ 10 ಮಿ.ಮೀ. ಏರಿದರೆ ಸ್ಪ್ರಿಂಗ್ 6 ಮಿ.ಮೀ. ಮಾತ್ರ ಕುಗ್ಗುತ್ತದೆ ಎಂದಿಟ್ಟುಕೊಂಡರೆ, ಮಿ.ಮೀ.ಗೆ 100 ನ್ಯೂಟನ್‌ನ ಸ್ಪ್ರಿಂಗ್ ಚಕ್ರಕ್ಕೆ 36 ನ್ಯೂಟನ್‌ನದಾಗಿ ಕಾಣುತ್ತದೆ. ಆ ಅನುಪಾತವನ್ನು ಎರಡು ಸಲ ಗುಣಿಸಬೇಕು, ಒಂದು ಸಲ ಬಲಕ್ಕೆ, ಒಂದು ಸಲ ದೂರಕ್ಕೆ. 490ನ್ನು 36ರಿಂದ ಭಾಗಿಸಿ. ಬುಲ್ ಬಾರ್ ಮತ್ತು ವಿಂಚ್ ಹಾಕಿದರೆ ಮೂತಿ 13ರಿಂದ 14 ಮಿ.ಮೀ. ಕೂರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ನೂರು ಕೆ.ಜಿ. ಬುಲ್ ಬಾರ್‌ಗೆಂದು ಮಾಡಿದ ಸ್ಪ್ರಿಂಗನ್ನು ಏನೂ ಹಾಕದ ಗಾಡಿಗೆ ಕೂರಿಸಿದರೆ ಪೆಟ್ಟಿಗೆಯ ಮೇಲೆ ಬರೆದ ಎರಡು ಇಂಚು ಎರಡೂವರೆ ಆಗುತ್ತದೆ. ಕೊಂಡವರಿಗೆ ಆ ಅರ್ಧ ಇಂಚು ಖುಷಿ ಕೊಡಬಹುದು, ಸಿವಿ ಜಾಯಿಂಟ್‌ಗೆ ಕೊಡುವುದಿಲ್ಲ. ಆದ್ದರಿಂದ ಒಂದೇ ಎತ್ತರಕ್ಕೆ ಹಗುರ, ಮಧ್ಯಮ, ಭಾರಿ ಎಂದು ಬೇರೆ ಬೇರೆ ಸ್ಪ್ರಿಂಗ್ ಕೊಡುವ, ಪ್ರತಿಯೊಂದಕ್ಕೂ ಕೆ.ಜಿ. ಲೆಕ್ಕ ಬರೆದಿರುವ ಕಂಪನಿಯ ಕಿಟ್ಟನ್ನೇ ನೋಡಿ. ಎಲ್ಲ ಗಾಡಿಗೂ ಒಂದೇ ಸ್ಪ್ರಿಂಗ್ ಕೊಡುವ ಕಿಟ್ ಯಾರ ಗಾಡಿಗೂ ಸರಿಯಾಗಿ ಕೂರುವುದಿಲ್ಲ. ಭಾರಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಗಾಡಿಯ ಒಟ್ಟು ಭಾರದ ಮಿತಿಯೂ ಏರುವುದಿಲ್ಲ. ಬ್ರೇಕ್, ಬೇರಿಂಗ್, ಚಾಸಿ ಮೊದಲಿನವೇ.

ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಅಗ್ಗದ ದಾರಿ ಸ್ಪೇಸರ್, ಅಂದರೆ ನಡುವೆ ಇಡುವ ದಪ್ಪ ಬಿಲ್ಲೆ. ಅದರಲ್ಲಿ ಎರಡು ಬಗೆ ಇದೆ, ಎರಡನ್ನೂ ಒಂದೇ ಹೆಸರಲ್ಲಿ ಮಾರುತ್ತಾರೆ. ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಒಂದಾಗಿ ಜೋಡಿಸಿದ ಭಾಗ) ತಲೆಯ ಮೇಲೆ, ಚಾಸಿಗೂ ಸ್ಟ್ರಟ್‌ಗೂ ನಡುವೆ ಕೂರುವುದು ಒಂದು. ಒಂದಿಂಚಿನ ಸ್ಪೇಸರ್ ಹಾಕಿದರೆ ಗಾಡಿ ಒಂದೂವರೆಯಿಂದ ಎರಡಿಂಚು ಏರುತ್ತದೆ, ಮೇಲೆ ಹೇಳಿದ ಅನುಪಾತದ ಕಾರಣ. ಇದರಲ್ಲಿ ಸವಾರಿಯ ಹದ ಕೆಡುವುದಿಲ್ಲ, ಆದರೆ ಇಡೀ ಸ್ಟ್ರಟ್ ಕೆಳಗಿಳಿದದ್ದರಿಂದ ಚಕ್ರ ಪೂರ್ತಿ ಜೋತುಬಿದ್ದಾಗ ಮೊದಲಿಗಿಂತ ಕೆಳಗೆ ಹೋಗುತ್ತದೆ. ಬಾಲ್ ಜಾಯಿಂಟ್ ತನ್ನ ಮಿತಿಗೆ ತಾಗುತ್ತದೆ, ಮೇಲಿನ ಆರ್ಮ್ ಸ್ಪ್ರಿಂಗ್‌ಗೆ ಬಡಿಯುತ್ತದೆ. ಇನ್ನೊಂದು ಬಗೆ ಸ್ಪ್ರಿಂಗ್ ಮತ್ತು ಅದರ ಸೀಟಿನ ನಡುವೆ ಕೂತು ಸ್ಪ್ರಿಂಗನ್ನೇ ಬಿಗಿಮಾಡುವುದು. ಇದರಲ್ಲಿ ಚಕ್ರ ಕೆಳಗಿಳಿಯುವ ಪ್ರಯಾಣವೇ ಖರ್ಚಾಗುತ್ತದೆ. ಮೊದಲು 90 ಮಿ.ಮೀ. ಇಳಿಯುತ್ತಿದ್ದ ಚಕ್ರ 50 ಮಿ.ಮೀ. ಎತ್ತಿದ ಮೇಲೆ 40 ಮಾತ್ರ ಇಳಿಯುತ್ತದೆ. ರಸ್ತೆ ಉಬ್ಬಿನಿಂದ ಇಳಿಯುವಾಗ ‘ಟಕ್’ ಎಂದು ಲೋಹಕ್ಕೆ ಲೋಹ ಬಡಿದ ಸದ್ದು ಬಂದರೆ ಶಾಕ್ ತನ್ನ ಉದ್ದದ ಕೊನೆ ಮುಟ್ಟಿದೆ ಎಂದರ್ಥ. ಆಫ್‌ರೋಡ್‌ನಲ್ಲಿ ಹಿಡಿತ ಕೊಡುವುದು ಗುಂಡಿಯೊಳಗೆ ಇಳಿದು ನೆಲ ಮುಟ್ಟುವ ಚಕ್ರ. ಅದನ್ನು ಕಳೆದುಕೊಂಡು ಗಳಿಸಿದ ಎತ್ತರ ನೋಡಲು ಚೆಂದ, ಅಷ್ಟೇ. ಈ ಎರಡನೇ ಬಗೆಯ ಸ್ಪೇಸರನ್ನು ಯಾರಿಗೂ ಹೇಳಲು ಮನಸ್ಸು ಬರುವುದಿಲ್ಲ. ಹೊಸ ಉದ್ದದ ಶಾಕ್, ಹೊಸ ಸ್ಪ್ರಿಂಗ್ ಎರಡೂ ಸೇರಿದ ಕಿಟ್ಟಿಗೆ ಹಣ ಕೂಡಿಡುವುದು ಮೇಲು.

ಸ್ವತಂತ್ರ ಸಸ್ಪೆನ್ಷನ್‌ನಲ್ಲಿ 50 ಮಿ.ಮೀ. ಒಂದು ಗಡಿ ಇದ್ದಂತೆ. ಅದರಾಚೆ ಹೋದಷ್ಟೂ ಸಿವಿ ಶಾಫ್ಟ್‌ನ ಕೋನ ಕಡಿದಾಗುತ್ತದೆ. ಬೂಟ್‌ನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಹರಿದದ್ದನ್ನು ಮೊದಲು ಹೇಳುವುದು ರಿಮ್‌ನ ಒಳಮೈ, ಕಪ್ಪು ಗ್ರೀಸ್ ಸುತ್ತಲೂ ಗೆರೆಗೆರೆಯಾಗಿ ಸಿಡಿದು, ಅದರ ಮೇಲೆ ಧೂಳು ಮೆತ್ತಿಕೊಂಡಿರುತ್ತದೆ. ಆ ಹೊತ್ತಿಗೆ ಬೂಟ್ ಬದಲಿಸಿ ಹೊಸ ಗ್ರೀಸ್ ತುಂಬಿದರೆ ಜಾಯಿಂಟ್ ಉಳಿಯುತ್ತದೆ. ಪೂರ್ತಿ ತಿರುವಿನಲ್ಲಿ ‘ಕಟಕಟ’ ಎನ್ನಲು ಶುರುವಾದರೆ ಹೊತ್ತು ಮೀರಿದೆ. ಡಿಫರೆನ್ಷಿಯಲನ್ನು 20–25 ಮಿ.ಮೀ. ಕೆಳಗಿಳಿಸುವ ಡ್ರಾಪ್ ಕಿಟ್ ಕೋನವನ್ನು ಒಂದಿಷ್ಟು ಸರಿಪಡಿಸುತ್ತದೆ, ಆದರೆ ಕಷ್ಟಪಟ್ಟು ಗಳಿಸಿದ ನೆಲದ ಅಂತರವನ್ನು ಅಲ್ಲೇ ವಾಪಸ್ ಕೊಡುತ್ತದೆ. ನಾಲ್ಕರಿಂದ ಆರಿಂಚಿನ ಬ್ರ್ಯಾಕೆಟ್ ಕಿಟ್‌ಗಳು ಸಸ್ಪೆನ್ಷನ್ ಹೊತ್ತ ಅಡ್ಡ ತೊಲೆಯನ್ನೇ (ಕ್ರಾಸ್‌ಮೆಂಬರ್) ಇಡಿಯಾಗಿ ಕೆಳಗಿಳಿಸುತ್ತವೆ. ಬಹಳ ದೊಡ್ಡ ಟೈರ್ ಹಾಕುವವರಿಗೆ ಬಿಟ್ಟು ಬೇರೆಯವರಿಗೆ ಅದರಿಂದ ಪ್ರಯೋಜನ ಕಡಿಮೆ.

ಎತ್ತಿದಾಗ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಿರುವಿನಿಂದ ತಾನಾಗಿ ವಾಪಸ್ ಬರುವುದು, ನೇರ ರಸ್ತೆಯಲ್ಲಿ ಗಾಡಿ ನೆಟ್ಟಗೆ ಹೋಗುವುದು ಈ ಕ್ಯಾಸ್ಟರ್‌ನಿಂದ. ಅದು ತಗ್ಗಿದರೆ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ಸ್ಟೀರಿಂಗನ್ನು ಸದಾ ಸಣ್ಣಗೆ ಸರಿಪಡಿಸುತ್ತ ಕೈ ದಣಿಯುತ್ತದೆ. ಕಂಪನಿಯ ಕ್ಯಾಮ್ ಬೋಲ್ಟ್‌ಗಳ ಹೊಂದಾಣಿಕೆ ಮುಗಿದುಹೋದರೆ ಕ್ಯಾಸ್ಟರ್ ಸೇರಿಸಿ ಮಾಡಿದ ಮೇಲಿನ ಕಂಟ್ರೋಲ್ ಆರ್ಮ್ ಬೇಕು. ಲಿಫ್ಟ್‌ಗೆ ಮುಂಚೆ ಒಮ್ಮೆ ಅಲೈನ್‌ಮೆಂಟ್ ಯಂತ್ರದ ಚೀಟಿ ತೆಗೆಸಿಟ್ಟುಕೊಳ್ಳಿ. ಆಮೇಲೆ ಎಲ್ಲಿಗೆ ಮರಳಬೇಕು ಎಂಬುದು ಅದರಲ್ಲಿ ಇರುತ್ತದೆ.

ಮುಂದೆ ಸಾಲಿಡ್ ಆಕ್ಸಲ್, ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಸಿವಿ ಬೂಟ್‌ನ ಈ ತಲೆನೋವಿಲ್ಲ, ಅಲ್ಲಿನದು ಬೇರೆ. ಚಾಸಿಯಿಂದ ಆಕ್ಸಲ್‌ವರೆಗೆ ಉದ್ದಕ್ಕೆ ಚಾಚಿದ ರೇಡಿಯಸ್ ಆರ್ಮ್ ಆಕ್ಸಲ್‌ಗೆ ಬಿಗಿಯಾಗಿ ಹಿಡಿದಿರುವುದರಿಂದ ಆರ್ಮ್ ಎಷ್ಟು ಬಾಗುತ್ತದೋ ಆಕ್ಸಲ್ ಅಷ್ಟೇ ತಿರುಗುತ್ತದೆ. 850 ಮಿ.ಮೀ. ಉದ್ದದ ಆರ್ಮ್‌ನಲ್ಲಿ 50 ಮಿ.ಮೀ. ಎತ್ತಿದರೆ ಸುಮಾರು 3.4 ಡಿಗ್ರಿ ಕ್ಯಾಸ್ಟರ್ ಹೋಯಿತು. ಆಫ್‌ಸೆಟ್ ಬುಷ್ ಅಥವಾ ಆರ್ಮ್‌ನ ಡ್ರಾಪ್ ಬ್ರ್ಯಾಕೆಟ್‌ನಿಂದ ಅದನ್ನು ಮರಳಿಸಬೇಕು. ಎರಡನೆಯದು ಪ್ಯಾನ್‌ಹಾರ್ಡ್ ರಾಡ್. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ ಕಟ್ಟಿದ ಈ ರಾಡ್ ಓರೆಯಾದಷ್ಟೂ ಅದರ ಅಡ್ಡ ಅಳತೆ ಕಿರಿದಾಗುತ್ತದೆ, ಆಕ್ಸಲ್ ಚಾಸಿ ತುದಿಯ ಕಡೆಗೆ ಸರಿಯುತ್ತದೆ. 850 ಮಿ.ಮೀ. ರಾಡ್‌ನ ಎರಡು ತುದಿಗಳ ನಡುವೆ ಮೊದಲೇ 100 ಮಿ.ಮೀ. ಇಳಿಜಾರಿದ್ದು ಗಾಡಿಯನ್ನು 75 ಮಿ.ಮೀ. ಎತ್ತಿದರೆ, ಆಕ್ಸಲ್ 12 ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಹಿಂದಿನಿಂದ ನೋಡಿದರೆ ಒಂದು ಕಡೆಯ ಟೈರ್ ಹೊರಗೆ ಚಾಚಿದ್ದು ಕಣ್ಣಿಗೇ ಕಾಣುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಇದು ಸರಿ.

ಮುಂದಿನ ಆಕ್ಸಲ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ಯಾನ್‌ಹಾರ್ಡ್ ರಾಡ್ ಮತ್ತು ಸ್ಟೀರಿಂಗ್‌ನ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಚಲನೆಯನ್ನು ಚಕ್ರಕ್ಕೆ ಒಯ್ಯುವ ರಾಡ್) ಒಂದಕ್ಕೊಂದು ಸಮಾನಾಂತರವಾಗಿ, ಹೆಚ್ಚುಕಡಿಮೆ ಒಂದೇ ಉದ್ದವಾಗಿರಬೇಕು. ಒಂದರ ತುದಿಯನ್ನು ಬ್ರ್ಯಾಕೆಟ್ ಹಾಕಿ ಇಳಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ, ಗುಂಡಿ ಬಂದಾಗಲೆಲ್ಲ ಸ್ಟೀರಿಂಗ್ ತಾನೇ ಒಂದು ಕಡೆಗೆ ಎಳೆಯುತ್ತದೆ. ಇನ್ನು ಒಂದು ವೇಗದಲ್ಲಿ ಇಡೀ ಮೂತಿ ಗಡಗಡ ನಡುಗುವ ‘ಡೆತ್ ವಾಬಲ್’. ಅದಕ್ಕೆ ದೊಡ್ಡ ಸ್ಟೀರಿಂಗ್ ಡ್ಯಾಂಪರ್ ಮಾರುವವರಿದ್ದಾರೆ. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ಗುಣಪಡಿಸುವುದಿಲ್ಲ. ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗಿನಿಂದ ಪ್ಯಾನ್‌ಹಾರ್ಡ್ ರಾಡ್‌ನ ಎರಡೂ ಬೋಲ್ಟ್ ನೋಡಲಿ. ಬೋಲ್ಟ್‌ನ ಸುತ್ತ ಬಣ್ಣ ಸವೆದು ಹೊಳೆಯುತ್ತಿದ್ದರೆ, ತೂತು ಅಂಡಾಕಾರವಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ಹಿಂದೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇರುವವರಿಗೆ ದಾರಿ ನಾಲ್ಕು: ಹೊಸ ಪಟ್ಟಿಯ ಕಟ್ಟು, ಇರುವ ಕಟ್ಟಿಗೆ ಒಂದು ಪಟ್ಟಿ ಸೇರಿಸುವುದು, ಪಟ್ಟಿಗೂ ಆಕ್ಸಲ್‌ಗೂ ನಡುವೆ ಇಡುವ ಬ್ಲಾಕ್, ಉದ್ದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ). ಹೊಸ ಕಟ್ಟೇ ಒಳ್ಳೆಯದು. ಒಂದು ಪಟ್ಟಿ ಸೇರಿಸಿದರೆ ಎತ್ತರದ ಜೊತೆ ಗಡುಸೂ ಬರುತ್ತದೆ, ಹಿಂದೆ ಸದಾ ಭಾರ ಹೊರುವವರಿಗೆ ಪರವಾಗಿಲ್ಲ. ಬ್ಲಾಕ್ ಹಾಕಿದರೆ ಆಕ್ಸಲ್‌ಗೂ ಪಟ್ಟಿಗೂ ನಡುವಿನ ಸನ್ನೆ ಉದ್ದವಾಗಿ, ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಪಟ್ಟಿ ‘ಎಸ್’ ಆಕಾರಕ್ಕೆ ಬಾಗುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದು, ಮುಂದಿನ ಆಕ್ಸಲ್‌ಗೆ ಬ್ಲಾಕ್ ಹಾಕುವುದು ಎರಡೂ ಅಪಾಯ, ಯಾವ ಕಾರಣಕ್ಕೂ ಬೇಡ. ಶ್ಯಾಕಲ್ ಎರಡಿಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದಿಂಚು. ಯಾವುದನ್ನೇ ಮಾಡಿ, ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಇರಲಿ. ಒಮ್ಮೆ ಬಿಗಿದ ಯು-ಬೋಲ್ಟ್ ಹಿಗ್ಗಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ಶಾಕ್ ಅಬ್ಸಾರ್ಬರ್ ಆರಿಸುವಾಗ ಬಣ್ಣಕ್ಕಿಂತ ಎರಡು ಅಳತೆ ಮುಖ್ಯ: ಪೂರ್ತಿ ಕುಗ್ಗಿದಾಗಿನ ಉದ್ದ, ಪೂರ್ತಿ ಹಿಗ್ಗಿದಾಗಿನ ಉದ್ದ. ಸ್ಪ್ರಿಂಗ್ ಬಿಚ್ಚಿ, ಆಕ್ಸಲನ್ನು ಜಾಕ್‌ನಿಂದ ಬಂಪ್ ಸ್ಟಾಪ್ ಪೂರ್ತಿ ಒತ್ತುವವರೆಗೆ ಎತ್ತಿ, ಶಾಕ್‌ನ ಎರಡು ಕಣ್ಣುಗಳ ನಡುವಿನ ದೂರ ಅಳೆಯಿರಿ. ಶಾಕ್‌ನ ಕುಗ್ಗಿದ ಉದ್ದ ಇದಕ್ಕಿಂತ 15–20 ಮಿ.ಮೀ. ಕಡಿಮೆ ಇರಬೇಕು. ಇಲ್ಲದಿದ್ದರೆ ಬಂಪ್ ಸ್ಟಾಪ್‌ನ ಕೆಲಸವನ್ನು ಶಾಕ್ ಮಾಡಿ ಒಳಗಿನ ವಾಲ್ವ್ ಒಡೆಯುತ್ತದೆ. ಆಮೇಲೆ ಆಕ್ಸಲ್ ಇಳಿಬಿಟ್ಟು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಇನ್ನೂ ಸಡಿಲವಾಗಿರುವ, ಸ್ಪ್ರಿಂಗ್ ತನ್ನ ಸೀಟು ಬಿಡದಿರುವ ಕೊನೆಯ ಬಿಂದುವನ್ನು ಗುರುತಿಸಿ. ಹಿಗ್ಗಿದ ಉದ್ದ ಅದನ್ನು ಮೀರಬಾರದು.

ಒಂದೇ ಕೊಳವೆಯ ಮೊನೊಟ್ಯೂಬ್ ಶಾಕ್‌ನಲ್ಲಿ ಎಣ್ಣೆ ಹೊರಗೋಡೆಗೇ ತಾಗಿರುವುದರಿಂದ ಬಿಸಿ ಬೇಗ ಹೊರಹೋಗುತ್ತದೆ, ಗಂಟೆಗಟ್ಟಲೆ ಕೊರಕಲು ರಸ್ತೆ ಓಡಿಸಿದರೂ ಸೋಲುವುದು ಕಡಿಮೆ. ಆದರೆ ಅದರ ಹೊರಗೋಡೆಯೇ ಪಿಸ್ಟನ್ ಓಡಾಡುವ ಗೋಡೆ. ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಕೊಳವೆಯೊಳಗೆ ಇನ್ನೊಂದು ಕೊಳವೆಯಿರುವ ಟ್ವಿನ್‌ಟ್ಯೂಬ್ ಆ ಪೆಟ್ಟನ್ನು ತಡೆದುಕೊಳ್ಳುತ್ತದೆ, ಬಿಸಿಗೆ ಬೇಗ ಮಣಿಯುತ್ತದೆ. ಬಂಡೆಗಳ ನಡುವೆ ನಿಧಾನ ತೆವಳುವವರಿಗೆ ಟ್ವಿನ್‌ಟ್ಯೂಬ್, ದೂರದ ಕಚ್ಚಾ ರಸ್ತೆಯಲ್ಲಿ ವೇಗವಾಗಿ ಹೋಗುವವರಿಗೆ ಮೊನೊಟ್ಯೂಬ್. ಗಡುಸು ಸ್ಪ್ರಿಂಗ್ ಹಾಕಿ ಹಳೇ ಶಾಕ್ ಉಳಿಸಿಕೊಳ್ಳುವುದು ಮಾತ್ರ ಬೇಡ. ಉಬ್ಬು ದಾಟಿದ ಮೇಲೆ ಗಾಡಿ ಒಮ್ಮೆಗೆ ನಿಲ್ಲದೆ ಎರಡು ಮೂರು ಸಲ ಜೀಕುತ್ತದೆ.

ಪಟ್ಟಿಯಲ್ಲಿ ಬಿಟ್ಟುಹೋಗುವ ಭಾಗಗಳೂ ಕೆಲವಿವೆ. ಹಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ ಮೇಲೆ ಭಾರ ಅಳೆದು ಹಿಂದಿನ ಬ್ರೇಕ್‌ಗೆ ಒತ್ತಡ ಹಂಚುವ ವಾಲ್ವ್ ಒಂದಿರುತ್ತದೆ, ಒಂದು ಕಡ್ಡಿಯಿಂದ ಆಕ್ಸಲ್‌ಗೆ ಕಟ್ಟಿರುತ್ತದೆ. ಗಾಡಿ ಎತ್ತಿದಾಗ ಅದು ಗಾಡಿ ಖಾಲಿ ಇದೆ ಎಂದು ತಿಳಿದು ಹಿಂದಿನ ಬ್ರೇಕ್ ತಗ್ಗಿಸುತ್ತದೆ. ಆ ಕಡ್ಡಿಯ ಬ್ರ್ಯಾಕೆಟನ್ನು ಎತ್ತಿದಷ್ಟೇ ಸರಿಸಬೇಕು. ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಜಾಯಿಂಟ್‌ಗಳ ಕೋನ ಒಂದು ಡಿಗ್ರಿಯೊಳಗೆ ಸಮನಾಗಿರದಿದ್ದರೆ, ವೇಗ ಏರಿದಂತೆ ಕಾಲಡಿಯಲ್ಲಿ ಜುಮ್ಮೆನ್ನುವ ನಡುಕ ಬರುತ್ತದೆ (ತುದಿಯಲ್ಲಿ ಜೋಡಿ ಜಾಯಿಂಟ್ ಇರುವ ಶಾಫ್ಟ್‌ಗೆ ಈ ಲೆಕ್ಕ ಬೇರೆ). ತಿರುವಿನಲ್ಲಿ ಓಲಾಟ ತಗ್ಗಿಸುವ ಸ್ವೇ ಬಾರ್‌ಗೆ ಉದ್ದದ ಲಿಂಕ್, ಹೆಡ್‌ಲೈಟ್‌ನ ಬೆಳಕು ಇಳಿಸುವುದು, ಸ್ಟೀರಿಂಗ್ ಕೋನದ ಸೆನ್ಸರ್ ಹಾಗೂ ಗಾಜಿನ ಹಿಂದಿನ ಕ್ಯಾಮೆರಾ ಇದ್ದರೆ ಅವುಗಳ ಮರುಹೊಂದಾಣಿಕೆ, ಇವೂ ಇದೇ ಕೆಲಸದ ಭಾಗ. ಎಷ್ಟು ಎತ್ತರದವರೆಗೆ ಕಾನೂನು ಮತ್ತು ವಿಮೆ ಒಪ್ಪುತ್ತವೆ ಎಂಬುದನ್ನು ಹಣ ಕೊಡುವ ಮುಂಚೆ ವಿಚಾರಿಸಿ.

ಎತ್ತರಕ್ಕೆ ತೆರಬೇಕಾದ ಬೆಲೆ ಓಲಾಟ. ಎರಡು ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿ ಮಗುಚದೆ ನಿಲ್ಲುವ ಗುಣದ ಒಂದು ಸ್ಥೂಲ ಅಂಕಿ ಸಿಗುತ್ತದೆ. ಅಗಲ 1600, ಕೇಂದ್ರ 720 ಮಿ.ಮೀ. ಇದ್ದರೆ 1.11. ಕೇಂದ್ರ 55 ಮಿ.ಮೀ. ಏರಿದರೆ 1.03. ಅದರ ಮೇಲೆ ರೂಫ್ ರ‍್ಯಾಕ್‌ನಲ್ಲಿ ಟೆಂಟು, ನೀರಿನ ಕ್ಯಾನು. ಪಕ್ಕಕ್ಕೆ ಇಳಿಜಾರಾದ ದಾರಿಯಲ್ಲಿ ಈ ದಶಮಾಂಶಗಳೇ ಪ್ರಾಣ ಕಾಯುತ್ತವೆ. ಭಾರದ್ದನ್ನೆಲ್ಲ ಕೆಳಗೆ ಕಟ್ಟಿ.

ಕಿಟ್ ಕೂರಿಸುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ರಬ್ಬರ್ ಬುಷ್ ಇರುವ ಯಾವ ಬೋಲ್ಟನ್ನೂ ಚಕ್ರ ಜೋತುಬಿದ್ದಿರುವಾಗ ಕಡೆಯ ಬಿಗಿ ಬಿಗಿಯಬಾರದು. ಬುಷ್‌ನ ಒಳಗಿನ ಲೋಹದ ಕೊಳವೆಯನ್ನು ಬೋಲ್ಟ್ ಹಿಡಿದುಕೊಳ್ಳುತ್ತದೆ, ಹೊರಗಿನದು ಆರ್ಮ್ ಜೊತೆ ತಿರುಗುತ್ತದೆ, ನಡುವಿನ ರಬ್ಬರ್ ತಿರುಚುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಆ ರಬ್ಬರ್ ತಿರುಚಿಕೊಂಡೇ ಬದುಕಬೇಕು, ಕೆಲವೇ ತಿಂಗಳಲ್ಲಿ ಸುತ್ತ ಬಿರುಕು ಬಿಡುತ್ತದೆ. ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಟ್ಟು, ಗಾಡಿ ಇಳಿಸಿ, ನಾಲ್ಕಾರು ಸಲ ಬಂಪರ್ ಒತ್ತಿ ಕೂರಿಸಿ, ಚಕ್ರದ ಮೇಲೆ ನಿಂತಾಗ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಬಿಗಿದ ಪ್ರತಿ ನಟ್ಟಿಗೂ ಬೋಲ್ಟ್‌ಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದರೆ, ಆಮೇಲೆ ಅದು ಸಡಿಲವಾಯಿತೇ ಎಂಬುದು ಬಗ್ಗಿ ನೋಡಿದರೆ ತಿಳಿಯುತ್ತದೆ. ಯು-ಬೋಲ್ಟ್‌ಗಳನ್ನು 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಎತ್ತರ ಅಳೆಯುವಾಗ ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಆ ಲೆಕ್ಕ ಕೆಡಿಸುತ್ತದೆ. ಹಬ್‌ನ ನಡುವಿನಿಂದ ನೇರ ಮೇಲೆ ಫೆಂಡರ್ ಅಂಚಿಗೆ, ನಾಲ್ಕೂ ಮೂಲೆ, ಬಿಚ್ಚುವ ಮುಂಚೆ ಒಮ್ಮೆ, ಕೂರಿಸಿದ ದಿನ ಒಮ್ಮೆ, ಸಾವಿರ ಕಿ.ಮೀ. ಆದ ಮೇಲೆ ಒಮ್ಮೆ. ಹೊಸ ಸ್ಪ್ರಿಂಗ್ ಐದರಿಂದ ಹತ್ತು ಮಿ.ಮೀ. ಕೂರುವುದು ಸಹಜ. ಚಾಲಕ ಮತ್ತು ಇಂಧನ ಟ್ಯಾಂಕ್‌ನ ಭಾರ ಒಂದೇ ಬದಿಗಿರುವ ಗಾಡಿಗಳಲ್ಲಿ ಎಡ-ಬಲ ಸ್ಪ್ರಿಂಗ್ ಬೇರೆ ಬೇರೆ ಎತ್ತರದ್ದಾಗಿರುತ್ತವೆ, ಅದಲುಬದಲಾದರೆ ಗಾಡಿ ವಾಲಿ ನಿಲ್ಲುತ್ತದೆ. ಸ್ಪ್ರಿಂಗ್ ಮೇಲಿನ ಅಂಟುಚೀಟಿ ಹರಿದು ಎಸೆಯುವ ಮುಂಚೆ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಸರಿಯಿದ್ದೂ ಒಂದೇ ಮೂಲೆ ಎದ್ದು ನಿಂತಿದ್ದರೆ ಆ ಚಕ್ರದ ಹಿಂದೆ ಟಾರ್ಚ್ ಹಿಡಿದು ಸ್ಪ್ರಿಂಗ್‌ನ ಕೆಳತುದಿ ನೋಡಿ. ಸೀಟಿನ ಗುಣಿಯೊಳಗೆ ಕೂರಬೇಕಾದ ತುದಿ ಅದರ ಮೆಟ್ಟಿಲ ಮೇಲೆ ಹತ್ತಿ ಕೂತಿರುತ್ತದೆ.